ಮಹದೇವಪ್ಪನವರ ನೀರುಗುಳ್ಳೆ

ತಿಗನಾರೆಯಲ್ಲಿ ಮಹದೇವಪ್ಪನವರ ಹೊಟ್ಟೆಯಷ್ಟು ಶುದ್ಧವಾದ ಹೊಟ್ಟೆ ಇನ್ನೊಂದಿರಲಿಲ್ಲ. ಹಾಗೆಂದು ಹೇಳುತ್ತಿದ್ದವರು ಸ್ವತಃ ಅವರೇ. ಸಂಜೆ ಚಾವಡಿಯ ಕಟ್ಟೆಯ ಮೇಲೆ ಕುಳಿತು, ಕೊರಳಿನ ಲಿಂಗದ ಕರಡಿಗೆ ಮುಟ್ಟಿಕೊಳ್ಳುತ್ತ, ಮಾಂಸ ತಿನ್ನುವವರೊಳಗೆ ಎಂತೆಂಥ ಹುಳ ಬೆಳೆಯುತ್ತವೆಂದು ಅವರು ವಿವರಿಸಿದರೆ ಕೇಳಿದವರಿಗೆ ರಾತ್ರಿ ಊಟ ಸೇರುತ್ತಿರಲಿಲ್ಲ. ಅವರ ಎರಡು ನಾಯಿಗಳೂ ಕಾಲ ಬಳಿ ಮಲಗಿ ಕೇಳುತ್ತಿದ್ದವು. ಹಂದಿ ಹೊಲಕ್ಕೆ ನುಗ್ಗದಂತೆ ಕಾಯುವ ನಾಯಿಗಳು ಅವು. ಮನೆಯ ಮುದ್ದೆ ಸಾಲದೆ, ಕುರಿ ಕೊಯ್ಯುವಲ್ಲಿ ಎಸೆದ ಕರುಳು, ಈಲಿ ತಿಂದು ಬರುತ್ತಿದ್ದವು. ಬಂದು ಚಾವಡಿಯ ಮುಂದೆ, ದಾರಿಯಲ್ಲಿ, ಮೂಲಂಗಿ ಪಾತಿಯಲ್ಲಿ ಹೇತು ಹೋಗುತ್ತಿದ್ದವು. ಮಹದೇವಪ್ಪನವರು ಅದೇ ಪಾತಿಯ ಮೂಲಂಗಿ ಕಿತ್ತು, ಟವಲಿಗೆ ಒರೆಸಿ, ಹಸಿಯಾಗಿಯೇ ಕಡಿಯುತ್ತಿದ್ದರು. ಸಾತ್ವಿಕ ಆಹಾರ.

2006ರಲ್ಲಿ ಅವರ ಬಲಪಕ್ಕೆಯ ಕೆಳಗೊಂದು ಉಬ್ಬು ಕಂಡಿತು. ಚಾಮರಾಜನಗರದ ವೈದ್ಯರು ಸ್ಕ್ಯಾನ್ ಮಾಡಿಸಿದರು. ಈಲಿಯಲ್ಲಿ, ಅಂದರೆ ಲಿವರಿನಲ್ಲಿ, ತೆಂಗಿನಕಾಯಿ ಗಾತ್ರದ ನೀರುಗುಳ್ಳೆ. ನಾಯಿಯ ಹೇಲಿನಲ್ಲಿರುವ ಹುಳದ ಮೊಟ್ಟೆ ತೊಳೆಯದ ಕಾಯಿಪಲ್ಲೆಯ ಜೊತೆ ಒಳಗೆ ಹೋಗಿ, ವರ್ಷಗಟ್ಟಲೆ ಬೆಳೆದದ್ದು. ಮಾತ್ರೆ ಕೊಟ್ಟು, ಆಪರೇಷನ್ನಿಗೆ ದಿನ ಗೊತ್ತುಮಾಡಿ, ವೈದ್ಯರು ಒಂದು ಮಾತು ಒತ್ತಿ ಹೇಳಿದರು: ಹೊಟ್ಟೆಗೆ ಪೆಟ್ಟು ಬೀಳಕೂಡದು. ಗುಳ್ಳೆ ಒಡೆದರೆ ನಿಂತ ಜಾಗದಲ್ಲೇ ಪ್ರಾಣ ಹೋಗಬಹುದು.

ಮಹದೇವಪ್ಪನವರಿಗೆ ಪ್ರಾಣಕ್ಕಿಂತ ಚಾವಡಿಯ ಚಿಂತೆ ಹತ್ತಿತು.

“ಉಳ ಅಂದ್ರ ಕದ್ದು ಮಾಂಸ ತಿಂದವ್ನ ಅಂತಾರ ಕಣ,” ಎಂದು ಹೆಂಡತಿ ಶಿವಮಲ್ಲಮ್ಮನ ಬಾಯಿ ಮುಚ್ಚಿಸಿದರು.

“ಪಕ್ಕದ್ಮನ ಚನ್ನಬಸವನ ಜೀಪಾದ್ರೂ ಕೇಳಿ,” ಎಂದಳು ಅವಳು.

“ಜೀಪ್ ಕೇಳುದ್ರ ಯಾಕ ಅಂತಾನ. ಬಸ್ಸಲ್ಲೇ ಓಗದು. ಯಾರಾದ್ರೂ ಕೇಳುದ್ರ ನೆಂಟ್ರ ಮನಗ ಅನ್ನು.”

ಹೀಗೆ, ಆಪರೇಷನ್ನಿಗೆಂದು ಹೊರಟು, ಒಡೆಯಬಾರದ ಗುಳ್ಳೆಯನ್ನು ಹೊತ್ತು, ಅವರು ಸೀಟಿಲ್ಲದ ಬಸ್ಸು ಹತ್ತಿದರು. ಶಿವಮಲ್ಲಮ್ಮ ಗಂಡನ ಮುಂದೆ ಗೋಡೆಯಂತೆ ನಿಂತಳು. ಪಕ್ಕದಲ್ಲಿ ಅವರದೇ ಊರಿನ ಚಿಕ್ಕಮಾದ, ತೋಳಿನಲ್ಲಿ ಕೋಸಿನ ಮೂಟೆ. ಎಲ್ಲಿಗೆಂದು ಕೇಳಿದವನಿಗೆ ಶಿವಮಲ್ಲಮ್ಮ ನೆಂಟರ ಮನೆಗೆಂದಳು.

“ನೆಂಟ್ರ ಮನಗ ಇಷ್ಟು ಮೊಕ ಸಣ್ಣ ಮಾಡ್ಕಂಡು ಓದಾರ, ಬುದ್ದಿ?” ಎಂದ ಚಿಕ್ಕಮಾದ. ಮಹದೇವಪ್ಪನವರು ಕಿಟಕಿಯಾಚೆ ನೋಡಿದರು.

ಗೆಟ್ಟವಾಡಿಯಲ್ಲಿ ಜನ ನುಗ್ಗಿದರು. “ಉಳ್ಳ ಪೋಂಗ, ಉಳ್ಳ ಪೋಂಗ,” ಎಂದು ತಮಿಳುನಾಡು ಬಸ್ಸಿನ ಕಂಡಕ್ಟರ್ ಎಲ್ಲರನ್ನೂ ಒಳಕ್ಕೆ ಒತ್ತಿದ. ಶಿವಮಲ್ಲಮ್ಮ ಪಕ್ಕಕ್ಕೆ ಸರಿದುಹೋದಳು. ಬಸ್ಸು ಗುಂಡಿಗೆ ಇಳಿಯಿತು. ಕೋಸಿನ ಮೂಟೆ ಮಹದೇವಪ್ಪನವರ ಪಕ್ಕೆಗೆ ತಾಗಿ ನಿಂತಿತು. ಮೆಲ್ಲಗೇ ತಾಗಿತು. ಆದರೂ ಅವರ ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗಿಳಿಯಿತು. ಮುಂದೆ ರಸ್ತೆಗೆ ಅಡ್ಡ ಹಾಕಿದ ಉಬ್ಬುಗಳು ಕಾಣುತ್ತಿದ್ದವು. ಜನರ ತೋಳುಗಳ ಸಂದಿಯಿಂದ ಶಿವಮಲ್ಲಮ್ಮ, ಹೇಳಿಬಿಡಲೇ ಎಂದು ಕೇಳುವಂತೆ ನೋಡಿದಳು. ಅವರು ಬೇಡವೆಂದು ತಲೆಯಾಡಿಸಿದರು.

“ಚಿಕ್ಕಮಾದ, ಮೂಟ ತಗಿ.”

“ಎಲ್ಲಿಗ್ ತಗೀಲಿ? ನಿಮ್ಮ ಒಟ್ಟ ಏನು ಗಾಜಾ?”

ಡ್ರೈವರ್ ವೇಗ ತಗ್ಗಿಸುವಂತೆ ಕಾಣಲಿಲ್ಲ. ಮಹದೇವಪ್ಪನವರು ಕಣ್ಣು ಮುಚ್ಚಿಕೊಂಡರು.

“ಗಾಜೇ ಕಣ್ಲಾ. ಒಳಗ ಗುಳ್ಳ ಅದ. ನಾಯಿ ಉಳದ್ದು. ಒಡದ್ರ ಸತ್ತೋಯ್ತೀನಿ.”

ಚಿಕ್ಕಮಾದ ಮೂಟೆಯನ್ನು ತನ್ನ ಕಾಲ ಮೇಲೇ ಕೆಡವಿ, ಎರಡು ಕಂಬಿ ಹಿಡಿದು, ಅವರಿಗೆ ಅಡ್ಡವಾಗಿ ಬೆನ್ನು ಕೊಟ್ಟ. ಬಸ್ಸು ಎಗರಿತು. ಜನವೆಲ್ಲ ಅವನ ಬೆನ್ನಿಗೆ ಬಿದ್ದರು. ಮಹದೇವಪ್ಪನವರಿಗೆ ಏನೂ ತಾಗಲಿಲ್ಲ.

ಯಾರೋ ಎದ್ದು ಸೀಟು ಬಿಟ್ಟರು. ಅಲ್ಲಿಂದ ಚಾಮರಾಜನಗರದವರೆಗೆ, ಹತ್ತಿದ ಪ್ರತಿಯೊಬ್ಬರಿಗೂ ಚಿಕ್ಕಮಾದ ತಪ್ಪದೆ ಹೇಳಿದ: “ಇತ್ತಾಗಿ ತಳ್ಬ್ಯಾಡಿ, ಮಾದೇವಪ್ನೋರ ಒಟ್ಟೇಲಿ ನಾಯಿ ಉಳ ಅದ.”

ಗುಳ್ಳೆ ಒಡೆಯದೆ ಹೊರಬಂತು. ಮಹದೇವಪ್ಪನವರು ಊರಿಗೆ ಮರಳುವ ಹೊತ್ತಿಗೆ ಸುದ್ದಿ ಹಳತಾಗಿತ್ತು.

“ಮಾಂಸ ಯಾವಾಗ ತಿಂದ್ರಿ, ಬುದ್ದಿ?” ಎಂದು ಚಾವಡಿಯಲ್ಲಿ ಕೂತಿದ್ದ ಜವರ ಕೆಣಕಿದ.

“ಮಾಂಸ ತಿಂದದ್ದು ನಾಯಿ ಕಣ್ಲಾ. ನಾ ತಿಂದದ್ದು ಮೂಲಂಗಿ.”

ಈಗ ನಾಯಿಗಳು ಮದ್ದು ಕುಡಿದು ಹಗಲೆಲ್ಲ ಹಗ್ಗದಲ್ಲಿರುತ್ತವೆ. ಮಹದೇವಪ್ಪನವರು ಬೆಳಿಗ್ಗೆ ಎದ್ದು ಸಲಿಕೆ ಹಿಡಿದು, ಚಾವಡಿಯ ಮುಂದಿನದನ್ನೆಲ್ಲ ತಾವೇ ಬಳಿದು ಹೂಳುತ್ತಾರೆ. ಸಂಜೆ ಕಟ್ಟೆಯ ಮೇಲೆ ಕುಳಿತು, ನಾಯಿಹೇಲಿನಲ್ಲಿ ಏನೇನಿರುತ್ತದೆಂದು ವಿವರಿಸುತ್ತಾರೆ. ಕೇಳಿದವರಿಗೆ ರಾತ್ರಿ ಊಟ ಈಗಲೂ ಸೇರುವುದಿಲ್ಲ.