ಕಬೋರ್ಡಿನ ತಲೆಯ ಮೇಲಿನ ಐದಿಂಚು

ನಾನು ಬಡಗಿ ಎನ್ನುವುದನ್ನು ಕಲ್ಯಾಣದುರ್ಗದಲ್ಲಿ ಬಚ್ಚಿಟ್ಟವರು ನನ್ನ ಮಾವ. ಅಮ್ಮನ ಸ್ವಂತ ತಮ್ಮ. ಅವರ ಮಗಳನ್ನೇ ನನಗೆ ಕೊಟ್ಟಿದ್ದರು. ಆದರೆ ಅಳಿಯ ಏನು ಮಾಡುತ್ತಾನೆ ಎಂದು ಯಾರಾದರೂ ಕೇಳಿದರೆ, ಹಿಂದೂಪುರದಲ್ಲಿ ಅಂಗಡಿ ಇಟ್ಟಿದ್ದಾನೆ ಎಂದು ಮಾತು ಮುಗಿಸುತ್ತಿದ್ದರು. ಬೇಸಾಯದ ಮನೆಯ ಹುಡುಗ ಉಳಿ ಹಿಡಿದನಲ್ಲ ಎಂದು ಅವರಿಗೆ ಮುಜುಗರ. ಅಂಗಡಿ ಇದ್ದದ್ದು ನಿಜ, ಅದರ ತುಂಬ ಮರದ ಹೊಟ್ಟು! ನನಗೆ ಮೈಯೆಲ್ಲ ಉರಿಯುತ್ತಿತ್ತು. ಹೆಂಡತಿಯ ಮುಖ ನೋಡಿ ಸುಮ್ಮನಿರುತ್ತಿದ್ದೆ.

ಮೊಬೈಲು ಎಲ್ಲರ ಕೈಗೂ ಬಂದ ಹೊಸತರಲ್ಲಿ ಮಾವ ಹೊಸ ಮನೆ ಕಟ್ಟಿಸಿದರು. ಮಲಗುವ ಕೋಣೆಯ ಗೋಡೆಯಲ್ಲೇ ಬಟ್ಟೆಗೆ ಜಾಗ ಬಿಟ್ಟು, ಕಡಪ ಕಲ್ಲಿನ ಅಡ್ಡ ಅರೆ ಹಾಕಿಸಿದ್ದರು. ಅದಕ್ಕೆ ಬಾಗಿಲು ಬೇಕು. ಊರಿನ ಬಡಗಿಯನ್ನು ಕರೆಯಲು ಹೊರಟವರನ್ನು ತಡೆದು, ಮನೆಯಲ್ಲೇ ಕೆಲಸಗಾರ ಇರುವಾಗ ಹೊರಗಿನವರೇಕಪ್ಪ ಎಂದು ಕೇಳಿದವಳು ನನ್ನ ಹೆಂಡತಿ. ಮಾವ ಅರೆಮನಸ್ಸಿನಿಂದ ಫೋನಿನಲ್ಲಿ ಅಳತೆ ಹೇಳಿದರು. ಈ ಸಲ ಅವರ ಬಾಯಿಂದಲೇ ‘ಬಡಗಿ’ ಎನ್ನಿಸಬೇಕು ಎಂದು ಹಟ ಹಿಡಿದು, ಹದಿನೈದು ದಿನ ಕೂತು ಬಾಗಿಲು ಮಾಡಿದೆ.

ಗೃಹಪ್ರವೇಶಕ್ಕೆ ಎರಡು ದಿನ ಇರುವಾಗ ಟೆಂಪೋದಲ್ಲಿ ಹಾಕಿಕೊಂಡು ಹೋಗಿ ಕೂರಿಸಿದೆ. ಕೂರಿಸಿ ನೋಡಿದರೆ, ಬಾಗಿಲ ತಲೆಗೂ ಮೇಲಿನ ಸಿಮೆಂಟಿಗೂ ನಡುವೆ ಐದಿಂಚು ಸಂದು! ಆಗ ಹೊರಬಿತ್ತು ವಿಷಯ. ತಲೆಬಾಗಿಲಿಗೆ, ಕೋಣೆಗೆ ಆಯ ನೋಡುವುದು, ಎಂದರೆ ಲೆಕ್ಕ ಹಾಕಿ ಶುಭದ ಅಳತೆಗೆ ಕೂರಿಸುವುದು, ನಮ್ಮ ಕಡೆ ಇದ್ದದ್ದೇ. ಮಾವ ಬಟ್ಟೆಯ ಕಬೋರ್ಡಿಗೂ ಆಯ ನೋಡಿಸಿ ಐದಿಂಚು ಇಳಿಸಿ ಹೇಳಿದ್ದರು. ಗೋಡೆ ಮಾತ್ರ ಇಳಿಯಲಿಲ್ಲ.

ಇಲಿ ನುಗ್ಗಿ ರೇಷ್ಮೆ ಸೀರೆ ಕಡಿಯುತ್ತದೆ ಎಂದು ಅತ್ತೆ ಗೋಳಾಡಿದರು. ತಪ್ಪು ತಮ್ಮದಾದರೂ ಮಾವ ಮಗಳ ಕಡೆ ತಿರುಗಿ, “ಅವತ್ತೇ ಹೇಳ್ಲಿಲ್ವೇನಮ್ಮ, ಊರಿನ ಬಡಗೀನೇ ಕರ್ಕಂಬತ್ತೀನಿ ಅಂತ” ಎಂದುಬಿಟ್ಟರು. ಅವಳ ಕಣ್ಣು ತುಂಬಿತು. ಸಂಜೆಯೊಳಗೆ ಮುಚ್ಚಿಕೊಡುತ್ತೇನೆ ಎಂದಷ್ಟೇ ಹೇಳಿದೆ.

ಹಲಗೆಯೊಂದನ್ನು ಇಟ್ಟು ಎದುರಿನಿಂದ ಮೊಳೆ ಹೊಡೆದರೆ ಐದು ನಿಮಿಷದ ಕೆಲಸ. ಆದರೆ ಮೊಳೆಯ ತಲೆಗಳೆಲ್ಲ ನೋಡುವವರ ಕಣ್ಣಿಗೆ ಹೊಡೆಯುತ್ತವೆ. ಅದರ ಬದಲು ಒಳಗಡೆ ಎರಡೂ ಪಕ್ಕದ ಗೋಡೆಗೆ ಮರದ ಸಣ್ಣ ಪಟ್ಟಿಯನ್ನು, ಅಂದರೆ ರೀಪನ್ನು, ತಿರುಪು ಹಾಕಿ ಬಿಗಿದು, ಅದಕ್ಕೆ ಹಿಂದಿನಿಂದ ಹಲಗೆ ಕಚ್ಚಿಸುವುದೆಂದು ಗೊತ್ತುಮಾಡಿಕೊಂಡೆ. ಮೇಲಿನ ಸಿಮೆಂಟು ಎಲ್ಲಿ ಸಪಾಟಾಗಿರುತ್ತದೆ? ಒಂದು ಕಡೆ ಉಬ್ಬು, ಒಂದು ಕಡೆ ತಗ್ಗು. ಹಲಗೆಯನ್ನು ಎತ್ತಿ ಹಿಡಿದು, ಪುಟ್ಟ ಮರದ ತುಂಡಿಗೆ ಪೆನ್ಸಿಲು ಒತ್ತಿ ಹಿಡಿದು ಸಿಮೆಂಟಿನಗುಂಟ ಎಳೆದರೆ, ಆ ಉಬ್ಬುತಗ್ಗೆಲ್ಲ ಹಲಗೆಯ ಮೇಲೆ ಗೆರೆಯಾಗಿ ಇಳಿಯುತ್ತದೆ. ಆ ಗೆರೆಗೆ ಸರಿಯಾಗಿ ಹತ್ತರಿ ಹೊಡೆದು ಅಂಚು ಸವೆಸಿದೆ. ಕೂದಲು ತೂರದಷ್ಟು ಸರಿಯಾಗಿ ಕೂತಿತು.

ಕೆಳಗೆ ಬಾಗಿಲು ಉಜ್ಜದಂತೆ ಬೆಂಕಿಕಡ್ಡಿ ದಪ್ಪದ ಸಂದು ಬಿಡಬೇಕಿತ್ತು. ಒಂದು ಕಡ್ಡಿ ಕೊಡಿ ಎಂದೆ. ನೋಡುತ್ತ ನಿಂತಿದ್ದ ಮಾವ ತಟ್ಟನೆ ಸೊಂಟದಿಂದ ಬೆಂಕಿಪೊಟ್ಟಣ ತೆಗೆದರು. ಡಾಕ್ಟರು ಅವರ ಬೀಡಿ ಬಿಡಿಸಿ ಆರು ತಿಂಗಳಾಗಿತ್ತು, ಕದ್ದು ಸೇದುತ್ತಾರೆಂಬ ಗುಮಾನಿಗೆ ಅತ್ತೆ ಅಕ್ಕಿ ಡಬ್ಬಕ್ಕೂ ಕೈಹಾಕಿ ಬೀಡಿ ಹುಡುಕುತ್ತಿದ್ದ ಕಾಲ. ದೇವರ ದೀಪಕ್ಕೆ ಇಟ್ಟುಕೊಂಡಿರಬೇಕು ಎಂದುಕೊಂಡೆ.

ಅತ್ತೆ ಅಡುಗೆಮನೆಗೆ ಹೋದದ್ದೇ ಮಾವ ಹತ್ತಿರ ಬಂದು ದನಿ ತಗ್ಗಿಸಿದರು. “ಹಲಗೆನ ಬಡ್ದು ಕೂರಿಸ್ಬುಡಬ್ಯಾಡ ಕಣ್ಲಾ. ಬೇಕಂದಾಗ ತೆಗೆಯೋ ಹಂಗಿರ್ಲಿ. ಇಲಿ ಗಿಲಿ ಸೇರ್ಕಂಡ್ರೆ ನೋಡ್ಬೇಕಲ್ಲ.”

ಮಾತು ನ್ಯಾಯವಾಗಿಯೇ ಕಂಡಿತು. ರೀಪಿಗೆ ಕಬೋರ್ಡಿನ ಮ್ಯಾಗ್ನೆಟ್ಟು, ಹಲಗೆಯ ಹಿಂದೆ ಕಬ್ಬಿಣದ ಬಿಲ್ಲೆ ಹಾಕಿದೆ. ಟಕ್ ಎಂದು ಕಚ್ಚಿಕೊಂಡಿತು. ಬಾಗಿಲು ತೆರೆದು ಹಲಗೆಯ ಕೆಳ ಅಂಚಿಗೆ ಬೆರಳು ಕೊಟ್ಟು ಎಳೆದರೆ ಕೈಗೆ ಬರುತ್ತದೆ. ಮಾವ ಮೂರು ಸಲ ತೆಗೆದು ಮೂರು ಸಲ ಹಾಕಿದರು. ಬೆಂಕಿಪೊಟ್ಟಣ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಹೋದರು. ಹೆಂಡತಿ ಮಾತ್ರ ನನಗೆ ಒಂದು ಲೋಟ ಕಾಫಿ ಜಾಸ್ತಿ ಕೊಟ್ಟಳು.

ಗೃಹಪ್ರವೇಶದ ದಿನ ಮನೆ ತುಂಬ ನೆಂಟರು. ಕುಂದುರ್ಪಿಯಿಂದ ಬಂದ ಹಿರಿಯರೊಬ್ಬರು ಕಬೋರ್ಡಿನ ಮುಂದೆ ನಿಂತು ತಲೆಯೆತ್ತಿ ನೋಡಿದರು. ಒಂದು ಮೊಳೆಯೂ ಕಾಣುವುದಿಲ್ಲವಲ್ಲ, ಯಾವ ಊರಿನ ಬಡಗಿ ಎಂದು ಕೇಳಿದರು. ಹೆಂಡತಿ ಅಪ್ಪನನ್ನೇ ನೋಡುತ್ತಿದ್ದಳು. ಮಾವ ಒಮ್ಮೆ ಹಲಗೆ ನೋಡಿದರು, ಒಮ್ಮೆ ನನ್ನನ್ನು ನೋಡಿದರು.

“ನನ್ನ ಅಳಿಯ ಕಣ್ರಪ್ಪ” ಎಂದರು. “ಹಿಂದೂಪುರದಾಗೆ ಬಡಗಿ ಅವ್ನು. ತಡೀರಿ, ತೋರಿಸ್ತೀನಿ.”

ಹೇಳಿದವರೇ ಸ್ಟೂಲು ಎಳೆದು ಹತ್ತಿದರು. ಬಾಗಿಲು ತೆರೆದು, ಬೆರಳು ಕೊಟ್ಟು, ಹಲಗೆ ಕಿತ್ತರು. ಅದರ ಹಿಂದಿದ್ದ ಕಲ್ಲಿನ ಮೇಲರೆಯಿಂದ ಎರಡು ಬೀಡಿಕಟ್ಟು ಉರುಳಿ ಅತ್ತೆಯ ಕಾಲ ಬಳಿಯೇ ಬಿದ್ದವು.

ಅತ್ತೆ ಬಗ್ಗಿ ಎತ್ತಿಕೊಂಡು ಗಂಡನ ಮುಖ ನೋಡಿದರು. ಮಾವ ಸ್ಟೂಲಿನಿಂದ ಇಳಿಯಲೂ ಇಲ್ಲ, ಬೀಡಿಯ ಕಡೆ ತಿರುಗಲೂ ಇಲ್ಲ. ಹಲಗೆಯನ್ನು ಮಗುಚಿ ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು.

“ಅದು ಹಾಳಾಗೋಗ್ಲಿ. ಮೊದ್ಲು ಇವನ ಕೆಲಸ ನೋಡ್ರಿ.”