ಶೇಡಬಾಳದ ಎರಡು ಚೀಲ ರವದಿ

ಚಿಕ್ಕೋಡಿಯಿಂದ ಬೆಳಗಿನ ಬಸ್ಸಿಗೆ ಹೊರಟೆ. ಹೆಂಗಸಾದ್ದರಿಂದ ನನಗೆ ಪ್ರಯಾಣ ಉಚಿತ. ನನ್ನ ಖಾಲಿ ಗೋಣಿಚೀಲಗಳನ್ನು ನೋಡಿ ಕಂಡಕ್ಟರ್, "ಬರೂವಾಗ ತುಂಬಿಸಿದ್ರ ಲಗೇಜ್ ಆಗ್ತೈತಿ ನೋಡ್ರಿ ಅಕ್ಕಾರ" ಎಂದ. ತುಂಬಿದರೆ ಸಾಕಪ್ಪಾ ಎಂದುಕೊಂಡೆ.

ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಎಲೆಗೆ ಇಲ್ಲಿ ರವದಿ ಎನ್ನುತ್ತಾರೆ. ಅದರಿಂದ ವಿಮಾನಕ್ಕೆ ಶುದ್ಧ ಇಂಧನ ತೆಗೆಯುವುದು ನಮ್ಮ ಪ್ರಯೋಗಾಲಯದ ಕೆಲಸ. ಹಂಗಾಮಿನ ಕೊನೆಯ ಪರೀಕ್ಷೆಗೆ ಎರಡು ಚೀಲವಾದರೂ ಬೇಕಿತ್ತು. ಇಲ್ಲವಾದರೆ ಒಂದು ವರ್ಷ ಕೈಕಟ್ಟಿ ಕೂರಬೇಕು. ರಾಯಬಾಗದಲ್ಲಿ ಬಸ್ ಬದಲಿಸಿ ಕೃಷ್ಣೆ ದಾಟಿದರೂ ಕಿಟಕಿಯಾಚೆ ಬರೀ ಸುಟ್ಟ ಹೊಲಗಳು. ರವದಿಗೆ ಬೆಂಕಿ ಇಡುವುದು ಇಲ್ಲಿ ಅಂಗಳ ಗುಡಿಸಿದಷ್ಟು ಸಹಜ.

ಶೇಡಬಾಳದ ಪದ್ಮವ್ವ ಜೈನರು. ಹುಳಹುಪ್ಪಟೆ ಸಾಯುತ್ತವೆಂದು ರವದಿ ಸುಡುವವರಲ್ಲ. ಸುತ್ತಮುತ್ತ ಅವರದೊಂದೇ ಹೊಲ ಉಳಿದಿತ್ತು. ಜೋಳದ ರೊಟ್ಟಿ, ಮಡಿಕೆಕಾಳಿನ ಪಲ್ಯ ಬಡಿಸುತ್ತ, "ಒಯ್ದು ಏನ್ ಮಾಡ್ತೀರಿ?" ಎಂದರು.

"ಎಣ್ಣಿ ತಗದು ಎಂಜಿನ್‌ನಾಗ ಸುಡ್ತೀವ್ರಿ."

ಅವರ ಕೈ ತಡೆಯಿತು. "ಕಡೀಕ ಸುಡೂದ ಆತಲ್ರಿ ಮತ್ತ." ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ, "ಒಯ್ರಿ. ಖರೆ, ಒಳಗ ಒಂದ್ ಜೀವಾನೂ ಹೋಗಬಾರ್ದು" ಎಂದರು.

ಹಾಗಾಗಿ ಒಂದೊಂದು ತೆಕ್ಕೆಯನ್ನೂ ಝಾಡಿಸಿ ತುಂಬಿದೆವು. ಇರುವೆ, ಜೇಡ ಉದುರಿ ಸಾಲುಗಳಲ್ಲಿ ಮರೆಯಾದವು. ಒಂದು ಚೀಲಕ್ಕೇ ಮಧ್ಯಾಹ್ನ ಕಳೆಯಿತು. ಎರಡನೆಯದು ಮುಕ್ಕಾಲು ತುಂಬುವಷ್ಟರಲ್ಲಿ ಹೊಗೆಯ ವಾಸನೆ. ಪಕ್ಕದ ಹೊಲದ ದಸ್ತಗೀರ ತನ್ನ ರವದಿಗೆ ಬೆಂಕಿ ಇಟ್ಟಿದ್ದ. ಅವನೇ ಬದು ಹಾರಿ ಓಡಿ ಬಂದ: "ಗಾಳಿ ತಿರುಗೇತಿ ಅವ್ವಾ! ಹೊರಗ ಬರ್ರಿ!"

ನಾನು ಝಾಡಿಸದೆ ಗಬಗಬನೆ ತುಂಬತೊಡಗಿದೆ. ಪದ್ಮವ್ವ ನನ್ನ ಮಣಿಕಟ್ಟು ಹಿಡಿದರು. "ಝಾಡಿಸ್ರಿ."

"ಬೆಂಕಿ ಬಂತಲ್ರಿ!"

"ಅದಕ್ಕ ಹೇಳಾಕತ್ತೀನಿ. ನೆಲಕ್ಕ ಬಿದ್ರ ಓಡಿಯಾದ್ರೂ ಉಳದಾವು."

ಮುಖಕ್ಕೆ ಝಳ ಬಡಿಯುತ್ತಿದ್ದರೂ ಕೊನೆಯ ತೆಕ್ಕೆ ಝಾಡಿಸಿಯೇ ಎದ್ದರು. ದಸ್ತಗೀರ ಚೀಲಗಳನ್ನೂ ನಮ್ಮನ್ನೂ ರಸ್ತೆಗೆ ಎಳೆದು ತಂದ. ನೋಡನೋಡುತ್ತಿದ್ದಂತೆ ಹೊಲ ಕಪ್ಪಾಯಿತು. ನಾವು ಝಾಡಿಸಿ ಬಿಟ್ಟ ಇರುವೆ, ಜೇಡಗಳೆಲ್ಲ ಅಲ್ಲೇ ಇದ್ದವು.

"ತಪ್ಪಾತು ಅವ್ವಾ," ಎಂದ ದಸ್ತಗೀರ.

ಸಂಜೆಯ ಕೊನೆಯ ಬಸ್ ಬಂತು. ಕಂಡಕ್ಟರ್ ಸೀಟಿ ಊದಿದ. ಪದ್ಮವ್ವ ಮಾತ್ರ ಮತ್ತೆ ಚೀಲಗಳ ಬಾಯಿ ಬಿಚ್ಚಿ ಕೈಯಾಡಿಸತೊಡಗಿದರು. ಬಸ್ ತಪ್ಪಿದರೆ ಎಂಬ ಭಯಕ್ಕೆ ನಾನು ನಿಂತಲ್ಲೇ ಒದ್ದಾಡಿದೆ. ಎರಡನೆಯ ಚೀಲದಲ್ಲಿ ಒಂದು ಸಣ್ಣ ಜೀರುಂಡೆ ಸಿಕ್ಕಿತು. ಅದನ್ನು ಅಂಗೈಗೆ ಹತ್ತಿಸಿಕೊಂಡು ಸುತ್ತ ನೋಡಿದರು.

"ಇದನ್ನ ಎಲ್ಲಿ ಬಿಡ್ಲಿ?" ಎಂದು ನನ್ನನ್ನೇ ಕೇಳಿದರು.

ನಾನು ಬಸ್ ಹತ್ತಿದೆ. ದಸ್ತಗೀರ ಚೀಲಗಳನ್ನು ಒಳಗೆಸೆದ, ಬಸ್ ಹೊರಟಿತು. ಹಿಂದಿನ ಕಿಟಕಿಯಿಂದ ನೋಡಿದೆ. ಮುಚ್ಚಿದ ಅಂಗೈಯನ್ನು ಎದೆಗಾನಿಸಿಕೊಂಡು ಪದ್ಮವ್ವ ಕಪ್ಪು ಹೊಲ ದಾಟುತ್ತಿದ್ದರು, ಎಲ್ಲಾದರೂ ಒಂದಿಷ್ಟು ಹಸಿರು ಹುಡುಕುತ್ತ.