ತಂಗಿಗೆ ಬರೆದುಕೊಟ್ಟ ಒಡಪು

ಸಿಂಧನೂರಿನ ಒಂದು ಹೋಟೆಲಿನ ಮಹಡಿಯ ಮೇಲೆ ನಾವು ನಾಲ್ಕಾರು ಪದವೀಧರರು ‘ಸ್ಪೋಕನ್ ವರ್ಡ್’ ಸಂಜೆಗಳನ್ನು ನಡೆಸುತ್ತಿದ್ದೆವು. ಒಬ್ಬ ಮೊಬೈಲ್ ನೋಡಿಕೊಂಡು ತನ್ನ ಕವಿತೆಯನ್ನು ನರಳುತ್ತಿದ್ದ, ಉಳಿದವರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ನಾನು ನರಳಿದಾಗ ಹೆಚ್ಚು ಹೊತ್ತು ತಲೆದೂಗಿದರೆಂದು ನೆನಪು. ತೂಕಡಿಕೆಯೂ ಇರಬಹುದು.

ಈ ಖ್ಯಾತಿ ಮಸ್ಕಿಯ ನಮ್ಮ ಮನೆಯನ್ನೂ ಮುಟ್ಟಿತು. ಮದುವೆ ಗೊತ್ತಾಗಿದ್ದ ತಂಗಿ ಬಂದು, “ಅಣ್ಣಾ, ನನಗೊಂದು ಒಡಪು ಬರದುಕೊಡು. ಅಲ್ಲಿ ಹೆಣ್ಮಕ್ಕಳು ಭಾಳ ಜೋರದಾರಂತ. ಮೊದಲ ದಿನಾನ ಮಾನ ಹೋದ್ರ ವರ್ಷಗಟ್ಲೆ ಆಡಿಕೊಳ್ತಾರ” ಎಂದಳು.

ನಮ್ಮ ಕಡೆ ಹೊಸ ಸೊಸೆ ಗಂಡನ ಹೆಸರನ್ನು ಪದ್ಯದಲ್ಲಿ ಸೇರಿಸಿ ಹೇಳುವವರೆಗೆ ಹೊಸ್ತಿಲು ದಾಟಲು ಬಿಡುವುದಿಲ್ಲ. ಅದೇ ಒಡಪು. ಎಂ.ಎ. ಓದಿದ ನಾನು ಅದನ್ನು ಹಳೇ ಕಾಲದ ಚೇಷ್ಟೆ ಎಂದು ಎಂದೋ ತಳ್ಳಿಹಾಕಿದ್ದೆ. ಆದರೂ ಮೂರು ದಿನ ಕೂತು ಹದಿನಾಲ್ಕು ಸಾಲು ಬರೆದೆ. ಪ್ರಾಸ ನನ್ನ ಓದಿಗೆ ಅವಮಾನವಾದ್ದರಿಂದ ಬಿಟ್ಟೆ. ಗಂಡನ ಹೆಸರು ಹನ್ನೆರಡನೇ ಸಾಲಿನಲ್ಲಿ ಬರುತ್ತಿತ್ತು.

ಮದುವೆಯಾಗಿ ಬಂದ ದಿನ ಲಿಂಗಸುಗೂರಿನ ಗಂಡನ ಮನೆಯ ಬಾಗಿಲಲ್ಲಿ ಅಕ್ಕಿ ತುಂಬಿದ ಸೇರು ಇಟ್ಟಿದ್ದರು. ಅದರಾಚೆ ನಾದಿನಿ ಕೈ ಅಡ್ಡ ಹಿಡಿದು ನಿಂತಿದ್ದಳು. “ಹೆಸರು ಹೇಳ್ರಿ ವೈನಿ, ಇಲ್ಲಾಂದ್ರ ಮಸ್ಕಿ ಬಸ್ ಇನ್ನೂ ಐತಿ.”

ತಂಗಿ ಶುರು ಮಾಡಿದಳು: “ಅಸ್ಮಿತೆಯ ಹೊಸ್ತಿಲಲಿ ಅನಂತ ಮೌನದ ಆರ್ತನಾದ...”

ಒಳಗಿನಿಂದ ಒಬ್ಬ ಮುದುಕಿ ಕೇಳಿದಳು: “ಯಾರರ ಸತ್ತಾರೇನಬೇ?”

ನಗು ಬೀದಿಯವರೆಗೆ ಬಂತು. “ಕಾಲೇಜು ಕಲ್ತಾಳಂತ, ಗಂಡನ ಹೆಸರ ಬರವಲ್ದು” ಎಂದು ಇನ್ನೊಬ್ಬಳು ಚುಚ್ಚಿದಳು. ತಂಗಿಯ ಕಣ್ಣು ತುಂಬಿತು. ಆಗ ಹಿಂದೆ ನಿಂತಿದ್ದ ನಾನು ಮಾಡಿದ್ದೇನು? ಎರಡನೇ ಸಾಲನ್ನು ಪಿಸುಗುಟ್ಟಿದೆ. ಇದೊಂದು ಮಾತ್ರ ಅನುಮಾನವಿಲ್ಲದೆ ನೆನಪಿದೆ.

“ನೀ ಸುಮ್ಮ ನಿಂದ್ರಣ್ಣಾ” ಎಂದವಳೇ ನಾದಿನಿಯ ಮುಖ ನೋಡಿ ಹೇಳಿದಳು:

“ಮಸ್ಕಿಯಾಗ ಹುಟ್ಟೀನಿ, ಲಿಂಗಸೂರಿಗೆ ಬಂದೀನಿ,
ನಿಂತು ನಿಂತು ಕಾಲು ನೋಯ್ತಾವ,
ಇಂಥವರ ಕೈ ಹಿಡಕೊಂಡು ಒಳಗ ಬರ್ತೀನಿ.”

‘ಇಂಥವರ’ ಎಂದಲ್ಲಿ ಗಂಡನ ಹೆಸರಿತ್ತು. ನಾದಿನಿ ಕೈ ಇಳಿಸಿದಳು. ಮುದುಕಿ, “ಹಾಂ, ಇದು ಮಾತು! ಬಾ ಬೇ, ಬಂದು ಕುಂದ್ರು” ಎಂದಳು. ತಂಗಿ ಸೇರು ಒದ್ದು ಒಳಗೆ ಹೋದಳು.

ವಿಶ್ವವಿದ್ಯಾಲಯ ಹಚ್ಚಿದ ಚಟ, ಆ ಸಾಲನ್ನು ಇನ್ನೂ ಬಿಚ್ಚಿ ನೋಡುತ್ತೇನೆ. ‘ನೋಯ್ತಾವ’ ಎಂದಳೋ, ‘ಸೋತಾವ’ ಎಂದಳೋ? ನನ್ನ ನೆನಪು ಎರಡಕ್ಕೂ ಸಾಕ್ಷಿ ಹೇಳುತ್ತದೆ. ಮೊನ್ನೆ ಫೋನ್ ಮಾಡಿ, ಅಷ್ಟು ಸರಿಯಾದ ಪದವನ್ನು ಹೇಗೆ ಆರಿಸಿದೆ ಎಂದು ಅವಳನ್ನೇ ಕೇಳಿದೆ.

“ಆರಿಸೋದೇನೈತಿ ಅಣ್ಣಾ? ಅವತ್ತು ಖರೇನ ಕಾಲು ನೋಯಾಕತ್ತಿದ್ವು.”